ಟ್ರೈಲರ್ ಓಲಾಟ ತಡೆಯುವ ಹಿಚ್ ಬಾರ್: ಮಲೆನಾಡಿನ ಮಳೆ ಕಂಡ ಮೇಲೆ ನನ್ನ ವಿಮರ್ಶೆ

ಐದರಲ್ಲಿ ನಾಲ್ಕು ಸ್ಟಾರ್. ವಸ್ತು ಒಳ್ಳೆಯದೇ, ಹೇಳಿದ ಕೆಲಸ ಮಾಡುತ್ತದೆ. ಆದರೆ ಟ್ರೈಲರ್ ಮನೆಗೆ ಬಂದ ಕೂಡಲೇ ಇದನ್ನೇ ಮೊದಲು ಆರ್ಡರ್ ಮಾಡಲು ಹೊರಟವರು ಸ್ವಲ್ಪ ತಡೆಯಿರಿ. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಕೊನೆಗೆ ಕೊಳ್ಳಬೇಕಾದ ಸಾಮಾನು.

ನಮ್ಮ ಗಾಡಿ ಬೊಲೆರೊ. ಹಿಂದೆ ಒಂದೇ ಆ್ಯಕ್ಸಲ್‌ನ ಚಿಕ್ಕ ಕ್ಯಾಂಪಿಂಗ್ ಟ್ರೈಲರ್, ಇಬ್ಬರು ಮಲಗುವಷ್ಟು ಜಾಗ, ಹಿಂಬಾಗಿಲು ಎತ್ತಿದರೆ ಅಡುಗೆ ಕಟ್ಟೆ. ನೀರು, ಪಾತ್ರೆ, ಹಾಸಿಗೆ ಎಲ್ಲ ತುಂಬಿ ವೇಬ್ರಿಡ್ಜ್ ಮೇಲೆ ನಿಲ್ಲಿಸಿದರೆ 900 ಕೆ.ಜಿ. ಆಸುಪಾಸು. ಟ್ರೈಲರಿಗೆ ಎಲೆಕ್ಟ್ರಿಕ್ ಬ್ರೇಕ್ ಇದೆ, ಅದರ ಕಂಟ್ರೋಲರ್ ನನ್ನ ಕೈಗೆ ಸಿಗುವಂತೆ ಸ್ಟೇರಿಂಗ್ ಪಕ್ಕದಲ್ಲಿದೆ. ಹಿಚ್‌ಗೆ, ಅಂದರೆ ಟ್ರೈಲರನ್ನು ಕಾರಿಗೆ ಸಿಕ್ಕಿಸುವ ಕೊಂಡಿಗೆ, ಹಾಕಿರುವುದು ಫ್ರಿಕ್ಷನ್ ಬಾರ್. ಬೇರೆ ಬೇರೆ ಕಂಪನಿಗಳ ಹೆಸರಲ್ಲಿ ಬರುತ್ತದೆ, ಒಳಗಿನ ರಚನೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ನನ್ನ ಮಾತು ಈ ಜಾತಿಯ ಎಲ್ಲ ಬಾರ್‌ಗಳಿಗೂ ಅನ್ವಯಿಸುತ್ತದೆ ಅಂದುಕೊಳ್ಳಿ.

ಇದನ್ನು ಹಾಕಿಸಿದ ಹೊಸದರಲ್ಲಿ ಪಕ್ಕದ ತೋಟದವರು ಬಗ್ಗಿ ನೋಡಿ ಕೇಳಿದ್ದು, "ಇದೆಂತ ಮಾರಾಯ್ರೆ, ಟ್ರ್ಯಾಕ್ಟರ್ ಟ್ರೈಲರಿಗೆ ಇಲ್ಲದ್ದು ನಿಮ್ಮ ಈ ಪೆಟ್ಟಿಗೆಗೆ ಯಾಕೆ?" ಒಳ್ಳೆಯ ಪ್ರಶ್ನೆ. ಟ್ರ್ಯಾಕ್ಟರ್ ಗೊಬ್ಬರ ಹೇರಿಕೊಂಡು 20, 25ರಲ್ಲಿ ಹೋಗುತ್ತದೆ. ಆ ವೇಗದಲ್ಲಿ ಟ್ರೈಲರ್ ಆಚೀಚೆ ಆದರೂ ತಾನಾಗಿಯೇ ಸುಮ್ಮನಾಗುತ್ತದೆ. ವೇಗ ಹೆಚ್ಚಿದಷ್ಟೂ ಆ ಸುಮ್ಮನಾಗುವ ಗುಣ ಕಮ್ಮಿಯಾಗುತ್ತಾ ಬರುತ್ತದೆ. ಒಂದು ಮಿತಿ ದಾಟಿದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ, ಆಮೇಲೆ ಟ್ರೈಲರೇ ಕಾರನ್ನು ಅಲ್ಲಾಡಿಸಲು ಶುರು ಮಾಡುತ್ತದೆ. ಆ ಮಿತಿ ಎಷ್ಟು ಅನ್ನುವುದು ಒಂದೊಂದು ಟ್ರೈಲರಿಗೆ ಒಂದೊಂದು. ತೂಕ ಎಲ್ಲಿ ಕೂತಿದೆ, ಆ್ಯಕ್ಸಲ್ ಎಲ್ಲಿದೆ, ಟೈರ್‌ನಲ್ಲಿ ಗಾಳಿ ಎಷ್ಟಿದೆ, ಎಲ್ಲ ಲೆಕ್ಕಕ್ಕೆ ಬರುತ್ತದೆ.

ಬಾರ್ ಕೆಲಸ ಮಾಡುವ ರೀತಿ ಸರಳ. ಒಂದು ಚಪ್ಪಟೆ ಕಬ್ಬಿಣದ ಪಟ್ಟಿ, ಅದನ್ನು ಬ್ರೇಕ್ ಪ್ಯಾಡಿನಂಥ ಎರಡು ಪ್ಯಾಡುಗಳು ಅಮುಕಿ ಹಿಡಿದಿರುತ್ತವೆ. ಒಂದು ತುದಿ ಕಾರಿನ ಹಿಚ್ ಪಕ್ಕದ ಚಿಕ್ಕ ಬಾಲ್‌ಗೆ, ಇನ್ನೊಂದು ತುದಿ ಟ್ರೈಲರಿನ ಮೂತಿಯ ಮೇಲಿನ ಇನ್ನೊಂದು ಚಿಕ್ಕ ಬಾಲ್‌ಗೆ. ಟ್ರೈಲರ್ ಎಡಕ್ಕೋ ಬಲಕ್ಕೋ ತಿರುಗಬೇಕಾದರೆ ಪಟ್ಟಿ ಒಳಗೆ ಹೊರಗೆ ಜಾರಲೇಬೇಕು, ಪ್ಯಾಡ್ ಅದನ್ನು ಸುಲಭಕ್ಕೆ ಜಾರಲು ಬಿಡುವುದಿಲ್ಲ. ಅಷ್ಟೇ. ಮೂತಿಯ ಭಾರವನ್ನು ಕಾರಿನ ಮುಂದಿನ ಚಕ್ರಕ್ಕೆ ಹಂಚುವ ಸ್ಪ್ರಿಂಗ್ ಬಾರಿನ ಹಿಚ್ ಬೇರೆ, ಇದು ಬೇರೆ. ಬೊಲೆರೊ ಹಿಂಭಾಗ ಕುಸಿದು ಹೆಡ್‌ಲೈಟ್ ಆಕಾಶ ನೋಡುತ್ತಿದ್ದರೆ ಇದು ಏನೂ ಮಾಡುವುದಿಲ್ಲ.

ಹಾಕಿಸಿದ್ದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ. ಅಲ್ಲಿ ಲಾರಿ ಚಾಸಿಸ್‌ನಿಂದ ಹಿಡಿದು ಟಿಲ್ಲರ್ ಹಿಡಿಕೆವರೆಗೆ ಏನು ಬೇಕಾದರೂ ಮಾಡಿಕೊಡುತ್ತಾರೆ, ಆದರೆ ಈ ಬಾರ್ ಅವರಿಗೂ ಹೊಸದು. ಪುಸ್ತಕದ ಚಿತ್ರ ತೋರಿಸಿ ಹೇಳಬೇಕಾಯಿತು. ಮುಖ್ಯ ಅಳತೆ ಒಂದೇ: ಟ್ರೈಲರ್ ಕೂರುವ ಹಿಚ್‌ನ ದೊಡ್ಡ ಬಾಲ್‌ನ ನಡುವಿನಿಂದ ಟ್ರೈಲರ್ ಮೇಲಿನ ಚಿಕ್ಕ ಬಾಲ್‌ನ ನಡುವಿಗೆ 24 ಇಂಚು, ಅಂದರೆ ಸುಮಾರು 610 ಮಿ.ಮೀ. ಇದು ತಪ್ಪಿದರೆ ತಿರುವಿನಲ್ಲಿ ಪಟ್ಟಿ ಪೂರ್ತಿ ಒಳಗೆ ಹೋಗಿ ಕಚ್ಚಿಕೊಳ್ಳುತ್ತದೆ, ಇಲ್ಲವೇ ಹೊರಗೆ ಕಳಚಿ ಬರುತ್ತದೆ. ಕಾರು, ಟ್ರೈಲರ್ ಎರಡನ್ನೂ ನೇರ ನಿಲ್ಲಿಸಿಯೇ ಅಳೆಯಿರಿ, ಓರೆಯಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

ಟ್ರೈಲರ್ ಕಡೆಯ ಪ್ಲೇಟಿಗೆ ಡಬ್ಬದಲ್ಲಿ ಕೊಡುವುದು ತಾನೇ ಕೊರೆದುಕೊಂಡು ಹೋಗುವ ಸ್ಕ್ರೂಗಳು. ವೆಲ್ಡರ್ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಸಾರ್, ನಮ್ಮ ರೋಡಿಗೆ ಇದು ನಿಲ್ಲಲ್ಲ" ಅಂದರು. ನನಗೂ ಹಾಗೇ ಅನಿಸಿತು. ಮೂತಿಯ ಟ್ಯೂಬಿನ ಗೋಡೆ 3 ಮಿ.ಮೀ., ಅದರಲ್ಲಿ ಸ್ಕ್ರೂವಿನ ಎಷ್ಟು ಹಲ್ಲು ಕಚ್ಚೀತು? ಆರ್‌ಪಾರ್ ತೂತು ಹೊಡೆದು, ಬಿಗಿದಾಗ ಟ್ಯೂಬ್ ಚಪ್ಪಟೆಯಾಗದ ಹಾಗೆ ಒಳಗೆ ಪೈಪ್ ತುಂಡು ಕೊಟ್ಟು, ಉದ್ದ ಬೋಲ್ಟ್ ಮತ್ತು ನೈಲಾಕ್ ನಟ್ ಹಾಕಿದರು. ತೂತಿನ ಅಂಚಿಗೆ ಜಿಂಕ್ ಪ್ರೈಮರ್. ಈವರೆಗೆ ಒಂದು ನಟ್ಟೂ ಸಡಿಲವಾಗಿಲ್ಲ. ಕಂಪನಿಯ ಪುಸ್ತಕದಲ್ಲಿ ಬಾರ್ ಬಲಗಡೆ ಇರಲಿ ಅಂತಿದೆ, ಅದು ರಸ್ತೆಯ ಬಲಗಡೆ ಗಾಡಿ ಓಡಿಸುವ ಅವರ ಲೆಕ್ಕ. ನಾವು ಎಡಗಡೆ ಹಾಕಿಸಿದ್ದೇವೆ, ನಮ್ಮ ಮಾದರಿಯಲ್ಲಿ ಎರಡೂ ಕಡೆ ನಡೆಯುತ್ತದೆ. ರಸ್ತೆ ಬದಿ ನಿಲ್ಲಿಸಿ ಹ್ಯಾಂಡಲ್ ಸಡಿಲಿಸುವಾಗ ಬಸ್ಸಿನ ದಾರಿಯಲ್ಲಿ ಬಗ್ಗಿ ಕೂರುವುದು ತಪ್ಪುತ್ತದೆ.

ದೊಡ್ಡ ಬಾಲ್‌ನ ಅಳತೆ ಬಗ್ಗೆ ಎಚ್ಚರ. ಅಮೆರಿಕದ ಲೆಕ್ಕದ 2 ಇಂಚು ಬಾಲ್ ಅಂದರೆ 50.8 ಮಿ.ಮೀ., ಯುರೋಪಿನದು ಸರಿಯಾಗಿ 50 ಮಿ.ಮೀ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ 2 ಇಂಚಿನ ಕಪ್ಲರನ್ನು (ಬಾಲನ್ನು ಮೇಲಿಂದ ಹಿಡಿಯುವ ಟ್ರೈಲರ್ ಮೂತಿಯ ಬಟ್ಟಲು) 50 ಮಿ.ಮೀ. ಬಾಲ್ ಮೇಲೆ ಕೂರಿಸಿದರೆ ಪ್ರತಿ ರೋಡ್ ಹಂಪ್‌ಗೂ ಟಕ್ ಟಕ್ ಅನ್ನುತ್ತದೆ, ಹಾರಿ ಬರುವ ಅಪಾಯವೂ ಇದೆ. ಉಲ್ಟಾ ಆದರೆ ಪೂರ್ತಿ ಕೂರುವುದೇ ಇಲ್ಲ. ಕಪ್ಲರ್ ಮೇಲೆ ಅಳತೆ ಅಚ್ಚಾಗಿರುತ್ತದೆ, ಓದಿಯೇ ಬಾಲ್ ತಗೊಳ್ಳಿ.

ಈಗ ತೂಕದ ವಿಷಯ. ಇದೇ ಈ ವಿಮರ್ಶೆಯ ಮುಖ್ಯ ಭಾಗ, ಬಾರ್ ಅಲ್ಲ. ಈ ಥರದ ಟ್ರೈಲರಿಗೆ ಮೂತಿಯ ಮೇಲೆ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಕೂರಬೇಕು. 900ಕ್ಕೆ 90ರಿಂದ 135 ಕೆ.ಜಿ. (ಯುರೋಪಿನ ಕ್ಯಾರವಾನ್‌ಗಳಿಗೆ ಇದಕ್ಕಿಂತ ಕಮ್ಮಿ ಹೇಳುತ್ತಾರೆ, ಎರಡನ್ನೂ ಬೆರೆಸಬೇಡಿ.) ಅಳೆಯಲು ವಿಶೇಷ ಉಪಕರಣ ಬೇಕು ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರೆ, ನಮ್ಮ ಕಡೆ ಸುಮ್ನೆ ದುಡ್ಡು ದಂಡ. ಅಡಿಕೆ ಮೂಟೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಮನೆ ಮನೆಯಲ್ಲಿ ಇದೆಯಲ್ಲ, ಅದನ್ನೇ ಅಂಗಳಕ್ಕೆ ಎಳೆದು, ಮೇಲೆ ಒಂದು ಗಟ್ಟಿ ಮರದ ತುಂಡು ನಿಲ್ಲಿಸಿ, ಕಪ್ಲರನ್ನು ಅದರ ಮೇಲೆ ಇಳಿಸಿದರೆ ಆಯಿತು. ಟ್ರೈಲರ್ ಮಟ್ಟವಾಗಿರಬೇಕು, ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು, ಮೂತಿಯ ಜಾಕಿ ಚಕ್ರ ಪೂರ್ತಿ ಎತ್ತಿರಬೇಕು. ನಮ್ಮದು ತೋರಿಸಿದ್ದು ಬರೀ 50.

ಕಾರಣ ಗೊತ್ತಾಗಲು ಹೊತ್ತು ಬೇಕಾಗಲಿಲ್ಲ. ಟ್ರೈಲರ್ ಕಟ್ಟಿಕೊಟ್ಟವರು ನೋಡಲು ಚೆಂದ ಅಂತ ಅಡುಗೆ ಕಟ್ಟೆ, 60 ಲೀಟರ್ ನೀರಿನ ಟ್ಯಾಂಕು, ಬ್ಯಾಟರಿ ಎಲ್ಲವನ್ನೂ ಹಿಂದಕ್ಕೆ ತಳ್ಳಿದ್ದರು. ನೀರು ಅಂದರೆ ಲೀಟರಿಗೆ ಒಂದು ಕೆ.ಜಿ., ತುಂಬಿದಾಗ 60 ಕೆ.ಜಿ. ಬಾಲದಲ್ಲಿ ಕೂತ ಹಾಗೆ. ಟ್ಯಾಂಕನ್ನು ಆ್ಯಕ್ಸಲ್‌ಗಿಂತ ಸ್ವಲ್ಪ ಮುಂದಕ್ಕೆ, ಬ್ಯಾಟರಿಯನ್ನು ಮೂತಿಯ ಮೇಲಿನ ಪೆಟ್ಟಿಗೆಗೆ ತಂದ ಮೇಲೆ ತಕ್ಕಡಿ 110 ತೋರಿಸಿತು. ಅಷ್ಟಕ್ಕೇ ಓಲಾಟ ಮುಕ್ಕಾಲು ಪಾಲು ಹೋಯಿತು, ಬಾರ್ ಇನ್ನೂ ಡಬ್ಬದಲ್ಲೇ ಇತ್ತು! ಬಾರನ್ನು ಕೊನೆಗೆ ಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ತೂಕ ತಪ್ಪಿದ ಟ್ರೈಲರಿಗೆ ಬಾರ್ ಬಿಗಿದರೆ ಕಾಯಿಲೆ ಮುಚ್ಚಿಟ್ಟ ಹಾಗೆ ಆಗುತ್ತದೆ, 60 ಕಿ.ಮೀ. ವೇಗದಲ್ಲಿ ಬರಬೇಕಾದ ಓಲಾಟ 80ರಲ್ಲಿ ಬರುತ್ತದೆ ಅಷ್ಟೇ. 80ರಲ್ಲಿ ಬಂದರೆ ಇನ್ನೂ ಕಷ್ಟ, ಅಲ್ವಾ?

ಹಾಗಾದರೆ ಬಾರ್ ಯಾಕೆ ಬೇಕು? ಗಾಳಿಗೆ ಮತ್ತು ಬಸ್ಸಿಗೆ. ಶಿವಮೊಗ್ಗದಿಂದ ಸಾಗರದ ಕಡೆ ಆಯನೂರು ದಾಟಿದ ಮೇಲೆ ರಸ್ತೆ ಕೆಲವು ಕಡೆ ನೇರ ಸಿಗುತ್ತದೆ, ಬಸ್ಸಿನವರು ಅಲ್ಲೇ ಓವರ್‌ಟೇಕ್ ಮಾಡುವುದು. ಬಸ್ಸಿನ ಮೂತಿ ಟ್ರೈಲರ್ ಪಕ್ಕಕ್ಕೆ ಬಂದಾಗ ಗಾಳಿ ಅದನ್ನು ಆಚೆ ತಳ್ಳುತ್ತದೆ, ಬಸ್ಸು ಮುಂದಕ್ಕೆ ಸಾಗುವಾಗ ಒಳಕ್ಕೆ ಎಳೆಯುತ್ತದೆ. ಬಾರ್ ಇಲ್ಲದಾಗ ಆ ಒಂದು ತಳ್ಳುವಿಕೆಗೆ ಟ್ರೈಲರ್ ಎರಡು ಮೂರು ಸಲ ಬಾಲ ಆಡಿಸಿ ಸುಮ್ಮನಾಗುತ್ತಿತ್ತು. ಈಗ ಒಂದು ಸಲ ಮೆಲ್ಲಗೆ ದೂಡಿದ ಹಾಗೆ ಆಗುತ್ತದೆ, ಅಲ್ಲಿಗೆ ಮುಗಿಯಿತು. ಸ್ಟೇರಿಂಗ್ ಹಿಡಿದ ಕೈಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ನಿಜವಾದ ಪರೀಕ್ಷೆ ಸಿಗಂದೂರು ಸೇತುವೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಮೇಲೆ 2.44 ಕಿ.ಮೀ. ಉದ್ದ, 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಮೊದಲು ಲಾಂಚ್ ಮೇಲೆ ಗಾಡಿ ಹತ್ತಿಸಿ ದಾಟಬೇಕಿತ್ತು, ಟ್ರೈಲರ್ ಸಮೇತ ಅದರ ಮೇಲೆ ಹತ್ತುವ ಯೋಚನೆಯನ್ನೇ ನಾನು ಮಾಡಿರಲಿಲ್ಲ. ಈಗ ಸಲೀಸು. ಆದರೆ ಸೇತುವೆ ಮೇಲೆ ಮರ ಇಲ್ಲ, ಗುಡ್ಡ ಇಲ್ಲ, ಎರಡೂ ಕಡೆ ಬರೀ ನೀರು. ಅಡ್ಡಗಾಳಿ ಸೀದಾ ಟ್ರೈಲರಿನ ಪಕ್ಕೆಗೆ ಹೊಡೆಯುತ್ತದೆ. ನಾನು ಸೇತುವೆಗೆ ಮೊದಲೇ ನಿಲ್ಲಿಸಿ ಬಾರ್ ಬಿಗಿ ನೋಡಿಕೊಂಡು 50ರ ಒಳಗೆ ದಾಟುತ್ತೇನೆ. ಕನ್ನಡಿಯಲ್ಲಿ ನೋಡಿದರೆ ಟ್ರೈಲರ್ ಒಂದೇ ಗೆರೆಯಲ್ಲಿ ಬರುತ್ತಿರುತ್ತದೆ. ಅಲ್ಲಿ ಮಾತ್ರ ಕೊಟ್ಟ ದುಡ್ಡು ಸಾರ್ಥಕ ಅನಿಸುತ್ತದೆ.

ಉಳಿದ ಮಲೆನಾಡಿನಲ್ಲಿ? ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ಹೊತ್ತು ಇದು ಸಡಿಲವಾಗೇ ಇರುತ್ತದೆ. ಹೊಸನಗರದಿಂದ ಬಿದನೂರು ನಗರದ ಕಡೆ ಹೋಗುವ ರಸ್ತೆಯಂಥ ಕಡೆ 40 ದಾಟುವುದೇ ಇಲ್ಲ, ಓಲಾಟದ ಪ್ರಶ್ನೆಯೇ ಬರುವುದಿಲ್ಲ. ಬದಲಿಗೆ ಪ್ರತಿ ತಿರುವಿಗೂ ಎಣ್ಣೆ ಕಾಣದ ಬಾವಿ ರಾಟೆಯ ಹಾಗೆ ಕಿರ್ರ್ ಅನ್ನುತ್ತದೆ. ಆ ಸದ್ದು ಕೇಳಿ ಪೆಟ್ರೋಲ್ ಬಂಕಿನ ಹುಡುಗನೊಬ್ಬ ಪಾಪ, ಗ್ರೀಸ್ ಹಿಡಿದುಕೊಂಡೇ ಬಂದ. ದಯವಿಟ್ಟು ಬಾರ್‌ಗೆ ಎಣ್ಣೆ, ಗ್ರೀಸ್, ಪೇಂಟ್ ಏನೂ ಸೋಕಿಸಬೇಡಿ. ಪ್ಯಾಡ್ ಜಾರಿದರೆ ಕಥೆ ಮುಗಿಯಿತು. ಮಾಮೂಲಿ ಕಪ್ಲರ್ ಇದ್ದರೆ ದೊಡ್ಡ ಬಾಲ್‌ಗೆ ಗ್ರೀಸ್ ಹಾಕಬಹುದು, ಹಾಕಬೇಕು ಕೂಡ. ಬಾಲನ್ನೇ ಪ್ಯಾಡ್‌ನಿಂದ ಹಿಡಿಯುವ ಯುರೋಪ್ ಮಾದರಿಯ ಕಪ್ಲರ್ ಆದರೆ ಅಲ್ಲೂ ಗ್ರೀಸ್ ಕೂಡದು.

ಮಳೆಯಲ್ಲಿ ಸಡಿಲಿಸಿ ಅಂತ ಪುಸ್ತಕವೇ ಹೇಳುತ್ತದೆ, ಅದು ಸರಿಯೂ ಹೌದು. ಬಾರ್ ಬಿಗಿಯಾಗಿದ್ದರೆ ಕಾರು ತಿರುಗಿದಾಗ ಟ್ರೈಲರ್ ಕೂಡಲೇ ತಿರುಗಲು ಒಪ್ಪುವುದಿಲ್ಲ, ಕಾರಿನ ಮೂತಿಯನ್ನು ನೇರಕ್ಕೇ ದೂಡುತ್ತದೆ. ಒಣ ರಸ್ತೆಯಲ್ಲಿ ಟೈರ್ ಇದನ್ನು ತಡೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಎಲೆ, ಕೆಸರು ಹರಡಿದ ತಿರುವಿನಲ್ಲಿ ತಡೆದುಕೊಳ್ಳುತ್ತದೆ ಅನ್ನುವ ಭರವಸೆ ಇಲ್ಲ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವಿಗೆ ಟ್ರೈಲರನ್ನು ನಾನು ಇಳಿಸಿಲ್ಲ, ಬಾರ್ ಇರಲಿ ಬಿಡಲಿ ಇಳಿಸುವುದೂ ಇಲ್ಲ.

ನನಗೆ ತೀರಾ ಕಿರಿಕಿರಿ ಆಗುವುದು ರಿವರ್ಸ್. ಹಿಂದಕ್ಕೆ ತೆಗೆಯುವ ಮೊದಲು ಬಾರನ್ನು ಪೂರ್ತಿ ಬಿಚ್ಚಿ ಇಡಬೇಕು. ಹ್ಯಾಂಡಲ್ ಸಡಿಲಿಸಿದರೆ ಸಾಲದು, ಜೋರಾಗಿ ಮಡಚಿದಾಗ ಪಟ್ಟಿ ಕೊನೆ ಮುಟ್ಟಿ ಬಾಗುತ್ತದೆ, ಇಲ್ಲವೇ ಚಿಕ್ಕ ಬಾಲ್ ಮುರಿಯುತ್ತದೆ. ಬಿಚ್ಚುವ ಕೆಲಸ ದೊಡ್ಡದೇನಲ್ಲ: ಹ್ಯಾಂಡಲ್ ತಿರುಗಿಸಿ, ಎರಡು ಪಿನ್ ಎಳೆದು, ಎತ್ತಿದರೆ ಬಂತು. ಆದರೆ ಒಂಟಿ ರಸ್ತೆಯಲ್ಲಿ ಎದುರಿಗೆ ಬಸ್ಸು ನಿಂತು ಹಾರ್ನ್ ಹೊಡೆಯುತ್ತಿರುವಾಗ ಜಿಟಿಜಿಟಿ ಮಳೆಯಲ್ಲಿ ಇಳಿದು ಪಿನ್ ಎಳೆಯುವುದು ಬೇರೆಯೇ ಅನುಭವ. ಹೋಂಸ್ಟೇಗಳ ದಾರಿ ಹಿಡಿಯುವ ಮೊದಲೇ ಮುಖ್ಯ ರಸ್ತೆಯಲ್ಲಿ ಬಿಚ್ಚಿಡುವುದು ಈಗ ನಮ್ಮ ಅಭ್ಯಾಸ.

ಬಿಗಿ ಹೊಂದಿಸುವ ಬೋಲ್ಟ್ ಬೇರೆ, ಹ್ಯಾಂಡಲ್ ಬೇರೆ. ಹ್ಯಾಂಡಲ್ ಬರೀ ಆನ್, ಆಫ್. ಅದನ್ನು ಅರ್ಧ ತಿರುಗಿಸಿ ಬಿಗಿ ಕಮ್ಮಿ ಮಾಡಲು ಹೋಗಬೇಡಿ. ಬೋಲ್ಟನ್ನು ಕಮ್ಮಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಬನ್ನಿ. ತಿರುವು ಮುಗಿದ ಮೇಲೂ ಕಾರು ನೇರವಾಗಲು ಮೊಂಡು ಹಿಡಿದರೆ ಜಾಸ್ತಿ ಆಯಿತು ಅಂತ ಅರ್ಥ.

ಬಾರ್ ಇದ್ದೂ ಓಲಾಟ ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟೇರಿಂಗ್ ನೇರ ಹಿಡಿಯಿರಿ, ಟ್ರೈಲರ್ ಬ್ರೇಕನ್ನು ಮಾತ್ರ ಕೈಯಲ್ಲಿ ಒತ್ತಿ. ಕಾರಿನ ಬ್ರೇಕ್ ಜೋರಾಗಿ ತುಳಿಯಬೇಡಿ, ಓಲಾಟಕ್ಕೆ ಎದುರಾಗಿ ಸ್ಟೇರಿಂಗ್ ತಿರುಗಿಸಬೇಡಿ. ಮೂತಿ ಒಳಕ್ಕೆ ಒತ್ತಿದಾಗ ಬ್ರೇಕ್ ಹಿಡಿಯುವ ಓವರ್‌ರನ್ ಮಾದರಿ ಟ್ರೈಲರ್ ನಿಮ್ಮದಾದರೆ ಈ ಬಾರ್ ಬೇಡ. ಇದು ಮೂತಿ ಸರಾಗವಾಗಿ ಒಳಗೆ ಹೋಗಲು ಬಿಡದೆ ಬ್ರೇಕಿಗೇ ಅಡ್ಡಿ ಮಾಡುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ.

ತುಕ್ಕಿನ ಕಥೆ ಬೇರೆ. ಕಂಪನಿಯ ಪೇಂಟ್ ಮೊದಲ ಮಳೆಗಾಲಕ್ಕೇ ಎದ್ದಿತು, ಜಾರುವ ಪಟ್ಟಿಗೆ ಹೇಗೂ ಪೇಂಟ್ ಇಲ್ಲ. ಶುರುವಿನಲ್ಲಿ ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಯನ್ನೇ ಬಾರ್‌ಗೂ ಕಟ್ಟಿ ನೋಡಿದೆವು. ಗೊನೆಗೆ ಸರಿ, ಇದಕ್ಕೆ ಒಳಗೇ ಬೆವರಿ ಇನ್ನೂ ತುಕ್ಕು. ಈಗ ಊರಿಗೆ ಬಂದ ಕೂಡಲೇ ಬಿಚ್ಚಿ, ಒರೆಸಿ, ಸೌದೆ ಕೊಟ್ಟಿಗೆಯಲ್ಲಿ ತೂಗು ಹಾಕುತ್ತೇವೆ, ಹೊರಡುವ ಮುಂಚೆ ಎಮೆರಿ ಪೇಪರ್‌ನಲ್ಲಿ ಪಟ್ಟಿ ಉಜ್ಜುತ್ತೇವೆ.

ಕಡಿದುಕೊಂಡ ಒಂದು ಸ್ಟಾರ್ ಬಿಡಿಭಾಗಕ್ಕೆ. ಪ್ಯಾಡ್ ಸವೆದು ಹೊಳಪು ಬಂದಿದೆ, ಇನ್ನು ಹೆಚ್ಚು ದಿನ ಬಾರದು. ಮಾರಿದವರಿಗೆ ಫೋನ್ ಮಾಡಿದರೆ "ಪ್ಯಾಡ್ ಬಿಡಿಯಾಗಿ ಬರಲ್ಲ ಸರ್, ಹೊಸದೇ ತಗೊಳ್ಳಿ" ಅನ್ನುತ್ತಾರೆ. ಎರಡು ತುಂಡು ಪ್ಯಾಡಿಗೆ ಇಡೀ ಬಾರ್ ಎಸೆಯುವುದು ಯಾವ ನ್ಯಾಯ? ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದಕ್ಕೆ ಹೊಂದುವ ಪ್ಯಾಡ್ ಯಾರಿಗಾದರೂ ಸಿಕ್ಕಿದ್ದರೆ ಕೆಳಗೆ ತಿಳಿಸಿ.