ಸಿಐಸಿ-ಐಡಿಎಸ್ 2017: ಪಿಕ್ಯಾಪ್ ಚಿನ್ನ, ಲೇಬಲ್ ಮಾತ್ರ ಒರೆಗೆ ಹಚ್ಚಿಯೇ ಬಳಸಿ

ಐಡಿಎಸ್ (ಜಾಲದೊಳಗೆ ನುಸುಳುವ ದಾಳಿಗಳನ್ನು ಪತ್ತೆಹಚ್ಚುವ ವ್ಯವಸ್ಥೆ) ಒಂದರ ಸಾಮರ್ಥ್ಯ ಅಳೆಯಬೇಕಾದರೆ ಯಾವ ಸಂಪರ್ಕ ದಾಳಿ, ಯಾವುದು ಅಲ್ಲ ಎಂಬುದು ಮೊದಲೇ ಖಚಿತವಾಗಿ ಗೊತ್ತಿರಬೇಕು. ಅದಕ್ಕೆ ಬಹಳ ಮಂದಿ ಬಳಸುವುದು ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದ ಸಿಐಸಿ-ಐಡಿಎಸ್ 2017 ಡೇಟಾಸೆಟ್: 2017ರ ಜುಲೈ 3ರಿಂದ 7ರವರೆಗಿನ ಟ್ರಾಫಿಕ್, ಸುಮಾರು 50 ಜಿಬಿ ಪಿಕ್ಯಾಪ್ (ಹಿಡಿದಿಟ್ಟ ಪ್ಯಾಕೆಟ್‌ಗಳ ಕಚ್ಚಾ ದಾಖಲೆ), 28 ಲಕ್ಷಕ್ಕೂ ಮಿಕ್ಕ ಸಾಲುಗಳ ಸಿಎಸ್‌ವಿ (ದಾಳಿಯೋ ಅಲ್ಲವೋ ಎಂಬ ಲೇಬಲ್ ಹಚ್ಚಿದ ಕೋಷ್ಟಕ). ಪಿಕ್ಯಾಪ್ ಇಂದಿಗೂ ಬೆಲೆಬಾಳುವ ವಸ್ತು. ಸಿಎಸ್‌ವಿಯನ್ನು ಇದ್ದ ಹಾಗೇ ನಂಬಿದರೆ ಅಳತೆಗೋಲೇ ಸೊಟ್ಟಗಾಗುತ್ತದೆ.

ಮೂಲ ದೋಷ ಇರುವುದು ಪ್ಯಾಕೆಟ್‌ಗಳಿಂದ ಫ್ಲೋ (ಒಂದು ಸಂಪರ್ಕದ ಪ್ಯಾಕೆಟ್‌ಗಳ ಗುಂಪು, ಸಿಎಸ್‌ವಿಯಲ್ಲಿ ಒಂದು ಸಾಲು) ಕಟ್ಟಿದ ಸಿಐಸಿಫ್ಲೋಮೀಟರ್ ಎಂಬ ಉಪಕರಣದಲ್ಲಿ. ಟಿಸಿಪಿ ಸಂಪರ್ಕ ಮುಚ್ಚುವಾಗ ಎರಡೂ ಕಡೆಯಿಂದ ಫಿನ್ (ಮುಕ್ತಾಯದ ಸೂಚನೆ) ಬರುತ್ತದೆ. ಆಗಿನ ಆವೃತ್ತಿ ಮೊದಲ ಫಿನ್ ಕಂಡೊಡನೆ ಫ್ಲೋ ಮುಗಿಸಿ, ಉಳಿದ ಒಂದೆರಡು ಪ್ಯಾಕೆಟ್‌ಗಳನ್ನು ಹೊಸ ಫ್ಲೋ ಎಂದು ಎಣಿಸುತ್ತಿತ್ತು. ಈ ಬಾಲಗಳಿಗೂ ದಾಳಿಯ ಲೇಬಲ್ ಬೀಳುತ್ತದೆ. ಇದರಿಂದ ತರಬೇತಿ ಪಡೆದ ಯಂತ್ರಕಲಿಕೆಯ ಮಾದರಿ ಕಲಿಯುವುದು ದಾಳಿಯನ್ನಲ್ಲ, ಬಾಲದ ಆಕಾರವನ್ನು. 2021ರಲ್ಲಿ ಸಂಶೋಧಕರಾದ ಎಂಗೆಲೆನ್, ರಿಮ್ಮರ್ ಮತ್ತು ಯೋಸೆನ್ ಉಪಕರಣವನ್ನೂ ಲೇಬಲ್‌ಗಳನ್ನೂ ತಿದ್ದಿದರು. ಪೇಲೋಡ್ (ಪ್ಯಾಕೆಟ್‌ನೊಳಗಿನ ಮಾಹಿತಿ) ಇಲ್ಲದೆ ವಿಫಲವಾದ ದಾಳಿಗಳಿಗೆ 'ಅಟೆಂಪ್ಟೆಡ್' ಎಂಬ ಬೇರೆ ಗುಂಪನ್ನೇ ಮಾಡಿದರು. ಹೊಸದಾಗಿ ಶುರು ಮಾಡುವವರು ಆ ತಿದ್ದಿದ ಆವೃತ್ತಿಯಿಂದಲೇ ಶುರು ಮಾಡಲಿ.

ಅದಕ್ಕಿಂತ ಅಪಾಯಕಾರಿ ಲೋಪ ಗುರುವಾರ ಮಧ್ಯಾಹ್ನದ್ದು. ಒಳನುಸುಳಿದ ಬಳಿಕ 192.168.10.8 ಯಂತ್ರದಿಂದ ಒಳಜಾಲದ ಮೇಲೆ ಪೋರ್ಟ್ ಸ್ಕ್ಯಾನ್ (ತೆರೆದ ಪೋರ್ಟ್‌ಗಳ ಹುಡುಕಾಟ) ನಡೆದಿದೆ, ಆದರೆ ಮೂಲ ಸಿಎಸ್‌ವಿಯಲ್ಲಿ ಆ ಫ್ಲೋಗಳು 'ಬಿನೈನ್', ಅಂದರೆ ನಿರಪಾಯ. ಸ್ಕ್ಯಾನ್ ಅನ್ನು ಸರಿಯಾಗಿ ಹಿಡಿದ ಐಡಿಎಸ್‌ಗೆ ಇಲ್ಲಿ ತಪ್ಪು ಎಚ್ಚರಿಕೆಯ ಕಳಂಕ, ಹಿಡಿಯದೆ ಸುಮ್ಮನಿದ್ದದ್ದಕ್ಕೆ ಶಭಾಷ್‌ಗಿರಿ. ಇದನ್ನು ಬೇರೆ ಮಾಡದೆ ಎರಡು ಉತ್ಪನ್ನಗಳನ್ನು ಹೋಲಿಸುವುದು ಅನ್ಯಾಯ.

ಲೇಬಲ್‌ಗಳನ್ನು ಪಿಕ್ಯಾಪ್‌ನಿಂದ ನೀವೇ ಕಟ್ಟುವುದಾದರೆ ಮೊದಲು ನಕಲು ಪ್ಯಾಕೆಟ್‌ಗಳನ್ನು ಎಡಿಟ್‌ಕ್ಯಾಪ್‌ನಿಂದ ತೆಗೆಯಿರಿ, ಹಿಂದುಮುಂದಾದ ಕ್ರಮವನ್ನು ರೀಆರ್ಡರ್‌ಕ್ಯಾಪ್‌ನಿಂದ ಸರಿಪಡಿಸಿ. ಆಮೇಲೆ ಗಡಿಯಾರ. ದಾಳಿಗಳ ವೇಳಾಪಟ್ಟಿ ಅಲ್ಲಿನ ಸ್ಥಳೀಯ ಸಮಯದಲ್ಲಿದೆ, ಅಂದರೆ ಯುಟಿಸಿಗಿಂತ 3 ಗಂಟೆ ಹಿಂದೆ. ಭಾರತದ ಸಮಯಕ್ಕೆ ಹೊಂದಿಸಿದ ವೈರ್‌ಶಾರ್ಕ್‌ನಲ್ಲಿ (ಪಿಕ್ಯಾಪ್ ತೆರೆದು ನೋಡುವ ತಂತ್ರಾಂಶ) ಎಂಟೂವರೆ ಗಂಟೆ ಮುಂದೆ ನೋಡಬೇಕು: ಬುಧವಾರ ಬೆಳಿಗ್ಗೆ 9:47ರ ಸ್ಲೋಲೋರಿಸ್ ದಾಳಿ ಸಿಗುವುದು ಸಂಜೆ 6:17ಕ್ಕೆ. ಸಿಎಸ್‌ವಿಯಲ್ಲಿ ಗಂಟೆ 12ರ ಲೆಕ್ಕದಲ್ಲಿದ್ದು, ಬೆಳಿಗ್ಗೆಯೋ ಮಧ್ಯಾಹ್ನವೋ ಎಂಬ ಗುರುತೇ ಇಲ್ಲ. ನ್ಯಾಟ್ (ಹೊರಗಿನ-ಒಳಗಿನ ವಿಳಾಸ ಬದಲಿಸುವ ವ್ಯವಸ್ಥೆ) ಇರುವುದರಿಂದ ದಾಳಿಕೋರನ 205.174.165.73 ವಿಳಾಸ ಒಳಗೆ 172.16.0.1 ಆಗಿ ಕಾಣುತ್ತದೆ; ಹೊರಗಿನ ವಿಳಾಸ ಹುಡುಕುತ್ತ ಕೂತರೆ ವೆಬ್ ಸರ್ವರ್ ಮೇಲಿನ ದಾಳಿಗಳು ತಪ್ಪಿಹೋಗುತ್ತವೆ.

ಸಿಎಸ್‌ವಿಯೇ ಸಾಕು ಎನ್ನುವವರಿಗೆ: 'ಫಾರ್ವರ್ಡ್ ಹೆಡರ್ ಲೆಂತ್' ಕಾಲಂ ಎರಡು ಬಾರಿ ಇದೆ, ಒಂದನ್ನು ಅಳಿಸಿ. ಅವಧಿ ಸೊನ್ನೆಯಾದ ಸಾಲುಗಳಲ್ಲಿ ಬೈಟ್ ದರ 'ಇನ್ಫಿನಿಟಿ' (ಅನಂತ) ಅಥವಾ 'ನ್ಯಾನ್' (ಸಂಖ್ಯೆಯಲ್ಲ) ಆಗಿರುತ್ತದೆ. ಗುರುವಾರ ಬೆಳಗಿನ ವೆಬ್ ದಾಳಿಯ ಫೈಲಿನಲ್ಲಿ ಸುಮಾರು 2.88 ಲಕ್ಷ ಖಾಲಿ ಸಾಲುಗಳಿವೆ. ಅದರ ಲೇಬಲ್‌ನಲ್ಲಿರುವ ಉದ್ದ ಗೆರೆ ಯುಟಿಎಫ್-8ರಲ್ಲಿ ಓದಿದರೆ ಕೆಡುತ್ತದೆ.

ಐಡಿಎಸ್‌ನ ಅಂಕ ಪ್ರಕಟಿಸುವ ಮುನ್ನ ದಾಳಿಯ ಗುಂಪುಗಳ ಗಾತ್ರ ನೋಡಿ. ಎಸ್‌ಕ್ಯುಎಲ್ ಇಂಜೆಕ್ಷನ್ 21 ಸಾಲು, ಇನ್‌ಫಿಲ್ಟ್ರೇಷನ್ 36, ಹಾರ್ಟ್‌ಬ್ಲೀಡ್ ಬರೀ 11. ಆ ಹನ್ನೊಂದೂ 444ನೇ ಪೋರ್ಟಿನವು, ಹೆಚ್ಚಿನವು ಫ್ಲೋ ಒಂದರ 120 ಸೆಕೆಂಡಿನ ಮಿತಿಗೆ ಕತ್ತರಿಸಿದ ತುಂಡುಗಳು. ಸಾಲುಗಳನ್ನು ತರಬೇತಿಗೂ ಪರೀಕ್ಷೆಗೂ ಯಾದೃಚ್ಛಿಕವಾಗಿ ಹಂಚಿದಾಗ ಒಂದು ತುಂಡು ತರಬೇತಿಗೆ, ಅದರ ಪಕ್ಕದ್ದೇ ಪರೀಕ್ಷೆಗೆ ಹೋಗುತ್ತದೆ. ಪೋರ್ಟ್ ಕಾಲಂ ತೆಗೆದು, ತುಂಡುಗಳನ್ನು ಒಟ್ಟಿಗೇ ಇಟ್ಟು ಮತ್ತೆ ಅಳೆಯಿರಿ. ಈ ಮೂರು ಗುಂಪುಗಳಿಗೆ ಶೇಕಡಾವಾರು ಬಿಟ್ಟು ನೇರ ಎಣಿಕೆಯನ್ನೇ ಕೊಡಿ.