ಆಂಫೊಟೆರಿಸಿನ್ ಬಿ ಪುಡಿ: ತಕರಾರೆಲ್ಲ ತೂಗುವಾಗ, ಕರಗಿಸುವಾಗ

ಮಣ್ಣಿನ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಮೈಸಿಸ್ ನೊಡೋಸಸ್ ತಯಾರಿಸುವ ಹಳದಿ ಶಿಲೀಂಧ್ರನಾಶಕ ಇದು, ಪಾಲಿಯೀನ್ (ಸಾಲುಸಾಲು ಜೋಡಿಬಂಧಗಳಿರುವ ಅಣು) ಗುಂಪಿನದು. ಮೂಲ ತಳಿ ಸಿಕ್ಕಿದ್ದು 1950ರ ದಶಕದಲ್ಲಿ, ವೆನೆಜುವೆಲಾದ ಒರಿನೊಕೊ ಕಣಿವೆಯ ಮಣ್ಣಿನಲ್ಲಿ. ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ಹಿಡಿದು ಪೊರೆಯನ್ನೇ ಕೆಡಿಸುತ್ತದೆ. ವರ್ಷಗಟ್ಟಲೆ ಬಳಸಿದರೂ ಇದರ ಕೆಲಸದ ಮೇಲೆ ದೂರಿಲ್ಲ. ಎಂಐಸಿ (ಶಿಲೀಂಧ್ರದ ಬೆಳವಣಿಗೆ ತಡೆಯುವ ಕನಿಷ್ಠ ಸಾಂದ್ರತೆ) ಅಂಕಿ ದಾರಿ ತಪ್ಪಿದರೆ ಮೊದಲು ತಕ್ಕಡಿ ಮತ್ತು ದ್ರಾವಕವನ್ನು ನೋಡಬೇಕು.

ಕೊಳ್ಳುವಾಗಲೇ ಎರಡು ರೂಪಗಳ ಗೊಂದಲವಿದೆ. ಶುದ್ಧ ಪುಡಿ ನೀರಿನಲ್ಲಿ ಕರಗದು, ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕ) ಬೇಕು. 'ನೀರಿನಲ್ಲಿ ಕರಗುವ' ಪುಡಿಯಲ್ಲಿ ಕರಗಲು ನೆರವಾಗುವ ಸೋಡಿಯಂ ಡಿಆಕ್ಸಿಕೋಲೇಟ್ ಎಂಬ ಪಿತ್ತಲವಣ ಬೆರೆತಿರುತ್ತದೆ. ಔಷಧದ ಪಾಲು ಅರ್ಧಕ್ಕೂ ಕಡಿಮೆ ಇರಬಹುದು. ಅದು ಕೋಶ ಕೃಷಿಗೆ (ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವುದಕ್ಕೆ) ಸರಿ, ಎಂಐಸಿ ಪರೀಕ್ಷೆಗೆ ಬೇಡ.

ಶುದ್ಧ ಪುಡಿಯೂ ನೂರಕ್ಕೆ ನೂರಲ್ಲ. ಲೇಬಲ್‌ನಲ್ಲಿ ಪೊಟೆನ್ಸಿ (ಪುಡಿಯಲ್ಲಿರುವ ನಿಜವಾದ ಔಷಧದ ಪಾಲು) ಮಿಲಿಗ್ರಾಂಗೆ 800 ಮೈಕ್ರೊಗ್ರಾಂ ಎಂದಿದ್ದರೆ, ಮಿಲಿಲೀಟರಿಗೆ 1600 ಮೈಕ್ರೊಗ್ರಾಂನ 10 ಮಿಲಿಲೀಟರ್ ಸ್ಟಾಕ್‌ಗೆ (ಗಾಢ ಮೂಲ ದ್ರಾವಣಕ್ಕೆ) 16 ಅಲ್ಲ, 20 ಮಿಲಿಗ್ರಾಂ ತೂಗಬೇಕು. 16 ಹಾಕಿದರೆ ಸ್ಟಾಕ್ 1280ಕ್ಕೆ ಇಳಿಯುತ್ತದೆ, ಎಂಐಸಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಬ್ಯಾಚ್ ಬದಲಾದಾಗಲೆಲ್ಲ ಈ ಲೆಕ್ಕ ಹೊಸದಾಗಿ ಮಾಡಲೇಬೇಕು.

ಎಂಐಸಿ ಪರೀಕ್ಷೆಗೆ ಸರಣಿ ದುರ್ಬಲೀಕರಣವನ್ನು (ಹಂತ ಹಂತವಾಗಿ ತೆಳುಮಾಡುವುದನ್ನು) ಡಿಎಂಎಸ್‌ಒದಲ್ಲೇ ಮುಗಿಸಿ, ಆಮೇಲೆ ಆರ್‌ಪಿಎಂಐ ಎಂಬ ಪೋಷಕ ಮಾಧ್ಯಮದಲ್ಲಿ 50 ಪಟ್ಟು ತೆಳುಮಾಡಿ, ಅದಕ್ಕೆ ಸಮ ಪ್ರಮಾಣದ ಇನಾಕ್ಯುಲಂ (ಪರೀಕ್ಷಿಸುವ ಶಿಲೀಂಧ್ರದ ದ್ರವ) ಸೇರಿಸಬೇಕು. ಕೊನೆಯಲ್ಲಿ ಡಿಎಂಎಸ್‌ಒ ಶೇ 1, ಅತಿ ಹೆಚ್ಚಿನ ಸಾಂದ್ರತೆ ಮಿಲಿಲೀಟರಿಗೆ 16 ಮೈಕ್ರೊಗ್ರಾಂ. ಸ್ಟಾಕನ್ನು ನೇರವಾಗಿ ಮಾಧ್ಯಮಕ್ಕೆ ಸುರಿದು ಅಲ್ಲೇ ಸರಣಿ ಮಾಡಹೊರಟರೆ ಹಳದಿ ಗಸಿ ಕೂರುತ್ತದೆ. ಪರೀಕ್ಷಾ ತಟ್ಟೆಯ ಮುಂದಿನ ಬಾವಿಗಳಿಗೆ (ಗುಳಿಗಳಿಗೆ) ಔಷಧ ಎಷ್ಟು ಹೋಯಿತೆಂದು ಹೇಳಲಾಗದು. ಪ್ರತಿ ಸಲವೂ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಟಿಸಿಸಿ 22019 ಎಂಬ ಗುಣಮಟ್ಟ ತಪಾಸಣೆಯ ತಳಿ ಜೊತೆಗಿರಲಿ.

ಸ್ಟಾಕನ್ನು 100 ಮೈಕ್ರೊಲೀಟರ್‌ನಂತೆ ಪಾಲಿಪ್ರೊಪಿಲೀನ್ ಟ್ಯೂಬ್‌ಗಳಿಗೆ ಹಂಚಿ, ಫಾಯಿಲ್ ಸುತ್ತಿ, ಮೈನಸ್ 20 ಡಿಗ್ರಿಯಲ್ಲಿಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಡಿಎಂಎಸ್‌ಒ ಸುಮಾರು 18 ಡಿಗ್ರಿಗೇ ಗಟ್ಟಿಯಾಗುವುದರಿಂದ ಪೂರ್ತಿ ದ್ರವವಾಗುವ ಮುನ್ನ ಪಿಪೆಟ್ ಹಾಕಿದರೆ ಪ್ರಮಾಣ ತಪ್ಪುತ್ತದೆ. ಗಾಳಿಯ ತೇವವನ್ನೂ ಅದು ಎಳೆದುಕೊಳ್ಳುತ್ತದೆ, ಮುಚ್ಚಳ ತೆರೆದಿಡಬಾರದು. ಹಳೆಯ ಸ್ಟಾಕ್ ಬಗ್ಗೆ ಅನುಮಾನವೇ? ಮೆಥನಾಲ್‌ನಲ್ಲಿ ಬೆರೆಸಿ ಬೆಳಕು ಹೀರುವ ಸ್ಪೆಕ್ಟ್ರಮ್ ತೆಗೆಯಿರಿ: 363, 382, 406 ನ್ಯಾನೊಮೀಟರ್ ಆಸುಪಾಸಿನ ಮೂರು ಶಿಖರಗಳು ಹೊಸ ಬ್ಯಾಚಿನಷ್ಟೇ ಚೂಪಾಗಿರಬೇಕು.

ಕೋಶ ಕೃಷಿಯಲ್ಲಿ ಮಿಲಿಲೀಟರಿಗೆ 0.25ರಿಂದ 2.5 ಮೈಕ್ರೊಗ್ರಾಂ ರೂಢಿ. ನಮ್ಮ ಕೋಶಗಳ ಕೊಲೆಸ್ಟೆರಾಲಿಗೂ ಇದು ಸ್ವಲ್ಪ ಅಂಟುವುದರಿಂದ ಕೆಳಗಿನ ತುದಿಯಿಂದ ಶುರುಮಾಡುವುದೇ ಕ್ಷೇಮ. 37 ಡಿಗ್ರಿಯಲ್ಲಿ ಸುಮಾರು ಮೂರು ದಿನಕ್ಕೆ ಶಕ್ತಿ ಕುಂದುತ್ತದೆ. ಬ್ಯಾಕ್ಟೀರಿಯಾಕ್ಕೆ ಇದು ನಾಟದು. ಮಾಧ್ಯಮದಲ್ಲಿ ಇದನ್ನು ಕಾಯಂ ಸೇರಿಸಿಡುವ ಅಭ್ಯಾಸವನ್ನು ನಾವು ಒಪ್ಪುವುದಿಲ್ಲ, ಸಣ್ಣ ಸೋಂಕು ಸಾಯದೆ ಅಡಗಿ ಕೂರುತ್ತದೆ.

ಆಸ್ಪರ್ಜಿಲಸ್ ಟೆರಿಯಸ್ ಎಂಬ ಬೂಷ್ಟಿನ ಮೇಲೆ ಕೆಲಸ ಮಾಡುವವರು ಇದನ್ನು ಕೊಲ್ಲುವ ಔಷಧವೆಂದು ನಂಬಿ ತರಿಸಬೇಡಿ. ಆ ಪ್ರಭೇದಕ್ಕೆ ಹುಟ್ಟಿನಿಂದಲೇ ಪ್ರತಿರೋಧವಿದೆ.