ಮಾತಿನ ಲೆಕ್ಕ ಇಡುವ ನೋಟುಪುಸ್ತಕ: ಮೈಸೂರಿನ ಒಂದು ವಾಕ್ ಚಿಕಿತ್ಸಾ ಕೇಂದ್ರದಲ್ಲಿ 11 ತಿಂಗಳು

ನಾಲ್ಕೂವರೆ ವರ್ಷದ ನಮ್ಮ ಮಗ ಕಳೆದ 11 ತಿಂಗಳಿಂದ ವಾರಕ್ಕೆ ಎರಡು ದಿನ, ದಿನಕ್ಕೆ 45 ನಿಮಿಷದಂತೆ, ಮೈಸೂರಿನ ಒಂದು ಸಣ್ಣ ಖಾಸಗಿ ವಾಕ್ ಚಿಕಿತ್ಸಾ ಕೇಂದ್ರಕ್ಕೆ ಹೋಗುತ್ತಿದ್ದಾನೆ. ಕೇಂದ್ರ ಚೊಕ್ಕಟವಾಗಿದೆ, ಹೇಳಿದ ಹೊತ್ತಿಗೆ ಒಳಗೆ ಕರೆಯುತ್ತಾರೆ, ಮಕ್ಕಳನ್ನು ಗದರುವುದಿಲ್ಲ. ಇವುಗಳಿಗಿಂತ ಹೆಚ್ಚಾಗಿ ನಾನು ಬರೆಯಲು ಹೊರಟಿರುವುದು ಮಗುವಿನ ಪ್ರಗತಿಯನ್ನು ಅಲ್ಲಿ ದಾಖಲಿಸುವ ಕ್ರಮದ ಬಗ್ಗೆ. ಇದಕ್ಕೆ ಮೊದಲು ಬೇರೊಂದು ಕಡೆ ಎಂಟು ತಿಂಗಳು ಹಣ ಕಟ್ಟಿ ನಾವು ಮನೆಗೆ ತಂದ ಫೈಲಿನಲ್ಲಿ ‘ಗುಡ್’, ‘ಇಂಪ್ರೂವಿಂಗ್’, ‘ಕೋಆಪರೇಟಿವ್’ ಎಂಬ ಮೂರು ಪದಗಳ ಹೊರತು ಏನೂ ಇರಲಿಲ್ಲ. ಏನು ಸುಧಾರಿಸಿದೆ, ಎಷ್ಟು ಸುಧಾರಿಸಿದೆ ಎಂದು ಕೇಳಿದರೆ ತೋರಿಸಲು ಅವರ ಬಳಿ ಒಂದು ಹಾಳೆಯೂ ಇರಲಿಲ್ಲ. ಮಗುವಿನ ಮೂರನೆಯ ವರ್ಷದ ಎಂಟು ತಿಂಗಳು ಹೀಗೆ ಕಳೆದುಹೋದ ನೋವು ನಮ್ಮಲ್ಲಿ ಇನ್ನೂ ಇದೆ.

ಈಗಿನ ಕೇಂದ್ರದಲ್ಲಿ ಮೊದಲ ಎರಡು ಭೇಟಿಗಳಲ್ಲಿ ಏನನ್ನೂ ಕಲಿಸಲಿಲ್ಲ. ಮೊದಲಿಗೆ ಕಿವಿಯ ಪರೀಕ್ಷೆಯ ವರದಿ ಕೇಳಿದರು. ನಂತರ ಚಿತ್ರಗಳನ್ನು ಒಂದೊಂದಾಗಿ ತೋರಿಸಿ, ಅವನು ಯಾವ ಅಕ್ಷರವನ್ನು ಪದದ ಆರಂಭದಲ್ಲಿ ಸರಿಯಾಗಿ ಹೇಳುತ್ತಾನೆ, ಯಾವುದನ್ನು ನಡುವೆ ತಪ್ಪಿಸುತ್ತಾನೆ ಎಂದು ಬರೆದುಕೊಂಡರು. ಕನ್ನಡದ ಮಗುವನ್ನು ಇಂಗ್ಲಿಷ್ ಪಟ್ಟಿಯ ಅನುವಾದದಿಂದ ಅಳೆಯಬಾರದು, ನಮ್ಮ ಳ ಮತ್ತು ಣ ಆ ಪಟ್ಟಿಯಲ್ಲಿ ಇರುವುದೇ ಇಲ್ಲ ಎಂದು ಅಲ್ಲಿನ ಥೆರಪಿಸ್ಟ್ ಆಗಲೇ ವಿವರಿಸಿದರು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದದ್ದು ಈ ಊರಿನ ಭಾಗ್ಯ. ಕನ್ನಡಕ್ಕೆಂದೇ ಉಚ್ಚಾರಣೆಯ ಪರೀಕ್ಷೆ 1970ರ ದಶಕದಷ್ಟು ಹಿಂದೆಯೇ ರೂಪುಗೊಂಡಿದೆ. ಇಷ್ಟಿದ್ದೂ ಬರಿಯ ಅಂದಾಜಿನ ಮೇಲೆ ಚಿಕಿತ್ಸೆ ಆರಂಭಿಸುವವರಿಗೆ ಯಾವ ನೆಪವೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ನೋಟುಪುಸ್ತಕದ ವಿಷಯ. ಒಂದು ಗುರಿಗೆ ಒಂದು ಪುಟ. ನಮ್ಮ ಮಗ ರ ಬದಲು ಲ ಹೇಳುತ್ತಿದ್ದುದರಿಂದ ಅವನ ಬಾಯಲ್ಲಿ ಕಾರು ‘ಕಾಲು’ ಆಗುತ್ತಿತ್ತು. ಕಿಟಕಿಯ ಬಳಿ ನಿಂತು “ಅಜ್ಜಿ, ಕಾಲು ಬಂತು” ಎಂದಾಗ ನಮ್ಮ ಅತ್ತೆಯವರು “ಕಾಲಿಗೆ ಏನಾಯ್ತು ಕಂದ?” ಎಂದು ಪಾದ ಮುಟ್ಟಿ ನೋಡುತ್ತಿದ್ದರು, ಅವನು ಸಿಟ್ಟಿನಿಂದ ಅಳುತ್ತಿದ್ದ. ಆ ಪುಟದಲ್ಲಿ ಪ್ರತಿ ಸೆಷನ್‌ಗೆ 20 ಮನೆಗಳ ಒಂದು ಸಾಲು ಇದೆ. ಅವನು ತಾನಾಗಿ ಸರಿಯಾಗಿ ಹೇಳಿದರೆ ‘ಸ್ವ’, ಸುಳಿವು ಕೊಟ್ಟ ಮೇಲೆ ಹೇಳಿದರೆ ‘ಸು’, ಥೆರಪಿಸ್ಟ್ ಹೇಳಿದ್ದನ್ನು ಕೇಳಿ ಹೇಳಿದರೆ ‘ಅ’, ಬಾರದಿದ್ದರೆ ಅಡ್ಡಗೆರೆ. ಮೊದಲ ತಿಂಗಳ ಒಂದು ಸಾಲಿನಲ್ಲಿ 12 ಸರಿ ಉತ್ತರಗಳಿದ್ದವು, ಆದರೆ ಅವುಗಳಲ್ಲಿ ‘ಸ್ವ’ ಎರಡೇ. ನಾಲ್ಕನೆಯ ತಿಂಗಳಲ್ಲಿ ಸರಿ ಉತ್ತರ 13, ‘ಸ್ವ’ 11. ಮೊತ್ತವನ್ನಷ್ಟೇ ನೋಡಿದ್ದರೆ ಮಗು ನಿಂತಲ್ಲೇ ನಿಂತಿದೆ ಎಂದು ನಾವು ಎದೆಗುಂದುತ್ತಿದ್ದೆವು. ಅವನಿಗೆ ಬೇಕಾದ ಆಸರೆ ಕಡಿಮೆಯಾಗಿದೆ ಎಂಬ ದೊಡ್ಡ ಸಂಗತಿ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ತಿಂಗಳಿಗೊಮ್ಮೆ ಅವರು ಎಂದೂ ಅಭ್ಯಾಸ ಮಾಡಿಸದ ಹತ್ತು ಪದಗಳನ್ನು ಕೇಳುತ್ತಾರೆ. ದಿನವೂ ಉರು ಹೊಡೆದ ‘ಕಾರು’ ಸರಿಯಾಗಿ ಬರುವುದು ದೊಡ್ಡದಲ್ಲ, ಯಾರೂ ಕಲಿಸದ ‘ಕೆರೆ’, ‘ಬೇರು’ ಸರಿಯಾಗಿ ಬಂದಾಗಲೇ ರ ಅವನದಾಗಿದೆ ಎಂದು ಅವರು ಒಪ್ಪುತ್ತಾರೆ. ಮನೆಯಲ್ಲಿ ಕೇಳಿದ್ದನ್ನು ನಾವು ಬರೆಯಲು ಬಲಗಡೆ ಒಂದು ಅಂಕಣವೂ ಇದೆ.

ಭಾಷೆಯ ಬೆಳವಣಿಗೆಗೆ ಬೇರೆಯೇ ಕ್ರಮ. ಎರಡು ತಿಂಗಳಿಗೊಮ್ಮೆ ಮಗುವಿನ ಆಟವನ್ನು ಧ್ವನಿಮುದ್ರಿಸಿ, ಅವನು ಆಡಿದ 50 ಮಾತುಗಳನ್ನು ಆಡಿದ ಹಾಗೆಯೇ ಬರೆದು, ಒಂದು ಮಾತಿನಲ್ಲಿ ಸರಾಸರಿ ಎಷ್ಟು ಅರ್ಥಘಟಕಗಳಿವೆ, ಅಂದರೆ ಅರ್ಥ ಕೊಡುವ ಎಷ್ಟು ಪದಗಳು, ಪ್ರತ್ಯಯಗಳು ಇವೆ ಎಂದು ಎಣಿಸುತ್ತಾರೆ. ಕನ್ನಡದಲ್ಲಿ ಪದಗಳನ್ನಷ್ಟೇ ಎಣಿಸಿದರೆ ಸಾಲದು. ‘ಅಪ್ಪ ಆಫೀಸು’ ಎನ್ನುತ್ತಿದ್ದವನು ‘ಅಪ್ಪ ಆಫೀಸಿಗೆ ಹೋದ’ ಎಂದಾಗ ಹೆಚ್ಚಿದ್ದು ಒಂದೇ ಪದವಾದರೂ, ವಿಭಕ್ತಿ, ಕಾಲ, ಲಿಂಗ ಮೂರೂ ಆ ಮಾತಿನೊಳಗೆ ಬಂದು ಕೂತಿವೆ. ಜೂನ್ ತಿಂಗಳ ಹಾಳೆಯಲ್ಲಿ ‘ಅಜ್ಜಿ ಬಂದ’ ಎಂಬ ಮಾತಿತ್ತು. ತಪ್ಪಲ್ಲವೇ ಎಂದು ನಾನು ಬೇಸರದಿಂದ ಕೇಳಿದಾಗ ಅವರು ಹಿಂದಿನ ಹಾಳೆ ತಿರುವಿ, ಅದೇ ಸಂದರ್ಭದಲ್ಲಿ ಅವನು ಆಡಿದ್ದ ‘ಅಜ್ಜಿ ಬಾ’ ತೋರಿಸಿದರು. ಕ್ರಿಯಾಪದಕ್ಕೆ ಕಾಲದ ರೂಪ ಬಂದಿದೆ, ಲಿಂಗದ ಪ್ರತ್ಯಯವೊಂದೇ ಬಾಕಿ ಎಂದರು. ತಪ್ಪು ಕೂಡ ಬೆಳೆಯುತ್ತದೆ ಎಂದು ನನಗೆ ತಿಳಿದದ್ದು ಅಂದು, ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟಿದ್ದರಿಂದ.

ಕೊರತೆಗಳನ್ನೂ ಹೇಳಬೇಕು. ಆರು ತಿಂಗಳಿಗೊಮ್ಮೆ ಕೊಡುವ ಮುದ್ರಿತ ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ. ದಿನವಿಡೀ ಮಗುವಿನ ಜೊತೆ ಇರುವ ಅತ್ತೆಯವರಿಗೆ ಅದು ಓದಲು ಬಾರದು. ಕೇಳಿಕೊಂಡ ಮೇಲೆ ವಾರದ ಗುರಿಯನ್ನು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆಯತೊಡಗಿದರು, ವರದಿ ಮಾತ್ರ ಬದಲಾಗಿಲ್ಲ. ಇನ್ನೊಂದು ಕೊರತೆ ಇದಕ್ಕಿಂತ ಗಂಭೀರವಾದದ್ದು. ಏಳನೆಯ ತಿಂಗಳಲ್ಲಿ ನಮ್ಮ ಥೆರಪಿಸ್ಟ್ ರಜೆಯಲ್ಲಿದ್ದಾಗ ಬಂದವರು ಸುಳಿವು ಕೊಟ್ಟು ಹೇಳಿಸಿದ್ದಕ್ಕೂ ‘ಸ್ವ’ ಹಾಕಿದ್ದರಿಂದ, 20ಕ್ಕೆ 14 ಇದ್ದದ್ದು ಒಂದೇ ವಾರದಲ್ಲಿ 19 ಆಯಿತು, ನಮ್ಮ ಥೆರಪಿಸ್ಟ್ ಹಿಂತಿರುಗಿದ ಮೇಲೆ ಮತ್ತೆ 15ಕ್ಕೆ ಇಳಿಯಿತು. ನಡುವಿನ ಮೂರು ವಾರ ನಾವು ಸುಳ್ಳು ಸಂತೋಷದಲ್ಲಿದ್ದೆವು. ಯಾವುದಕ್ಕೆ ಯಾವ ಗುರುತು ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲೇ ಅಚ್ಚು ಹಾಕಿಸಬೇಕು ಎಂದು ಕೇಳಿಕೊಂಡಿದ್ದೇವೆ.

ಒಂದು ಸೆಷನ್‌ಗೆ 600 ರೂಪಾಯಿ ಎಂದರೆ ತಿಂಗಳಿಗೆ ಸುಮಾರು 5,000 ರೂಪಾಯಿ ಆಗುತ್ತದೆ, ನಮ್ಮಂಥವರಿಗೆ ಇದು ಹಗುರವಲ್ಲ. ಆದರೂ ಪರಿಚಯದವರಿಗೆ ನಾನು ಈ ಕೇಂದ್ರವನ್ನು ಹೇಳುತ್ತಿದ್ದೇನೆ. ಬೇರೆಡೆಗೆ ಹೋಗುವವರು ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ನೋಡುವುದರ ಜೊತೆಗೆ, ಚಿಕಿತ್ಸೆ ಶುರುವಾಗುವ ಮೊದಲು ಮಗು ಎಲ್ಲಿತ್ತು ಎಂಬುದನ್ನು ಬರೆದ ಹಾಳೆಯ ಪ್ರತಿಯನ್ನು ಮೊದಲ ವಾರದಲ್ಲೇ ಕೇಳಿ ಪಡೆಯಿರಿ.

ರ ಪುಟ ಕಳೆದ ಗುರುವಾರ ಮುಗಿಯಿತು. ಹೊಸ ಪುಟದ ನೆತ್ತಿಯ ಮೇಲೆ ಈಗ ಳ ಇದೆ, ಬಲಗಡೆಯ ಅಂಕಣದಲ್ಲಿ ಅತ್ತೆಯವರು ತಮ್ಮ ಕೈಯಾರೆ ಮೊದಲ ಸಾಲು ಬರೆದಿದ್ದಾರೆ: ‘ಬಾಳೆಹಣ್ಣಿಗೆ ಬಾಲೆಹಣ್ಣು ಅಂದ. ಎರಡು ಸಲ.’